ಗಂಟೆಗೆ ಹದಿನೈದು ನಿಮಿಷ

ಮೂರನೇ ಮಹಡಿಯ ಕೋಣೆ. ಕಿಟಕಿಯಾಚೆ ಹಂಬರ್ ನದಿ,
ಬೆಲ್ಲ ಕರಗಿಸಿದ ನೀರಿನ ಬಣ್ಣ.
ಬ್ರಯೋನಿ ಎಂಬಾಕೆ ಅರ್ಥವಿಲ್ಲದ ಪದಗಳ ಪಟ್ಟಿ ಕೊಟ್ಟು
ಓದಿ, ಅಂದಳು.
ಎಲ್ಲ ಪದಗಳೂ ನನಗೆ ಹೀಗೇ ಕಾಣುತ್ತವೆ, ಅಂದೆ.
ಅವಳು ನಗಲಿಲ್ಲ. ಬರೆದುಕೊಂಡಳು.

ಎರಡು ತಾಸು. ಕೊನೆಗೊಂದು ಕಾಗದ:
ನನಗಿರುವುದಕ್ಕೆ ಒಂದು ಹೆಸರಿದೆಯಂತೆ,
ಅದು ದಡ್ಡಿ ಅಲ್ಲವಂತೆ.
ಪರೀಕ್ಷೆಯಲ್ಲಿ ಗಂಟೆಗೆ ಹದಿನೈದು ನಿಮಿಷ ಹೆಚ್ಚು,
ಓದಲು ಗಾಜಿನಂಥ ಒಂದು ಹಸಿರು ಹಾಳೆ.
ನಲವತ್ತೇಳು ವರ್ಷ ನನಗೆ. ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ,
ಒಂದನೇ ಇಯತ್ತೆಯಿಂದ ಹಿಂಬಾಕಿ ಎಷ್ಟಾಯಿತು,
ಯಾರ ಹತ್ತಿರ ಕೇಳಲಿ.

ವಾಗ್ದೇವಿ ಅಂತ ಹೆಸರಿಟ್ಟಿದ್ದರು.
ಗಕಾರದ ಕೆಳಗೆ ಒತ್ತು ನೇತಾಡುವ ಹೆಸರು.
ಪಾಟಿಯ ಮೇಲೆ ಆ ಒತ್ತು ಒಮ್ಮೆ ಹಿಂದಿನ ಅಕ್ಷರಕ್ಕೆ, ಒಮ್ಮೆ ಕೊನೆಯದಕ್ಕೆ
ಬಾವಲಿಯಂತೆ ಜೋತು ಬೀಳುತ್ತಿತ್ತು.
ದ ಹೊಟ್ಟೆ ಸೀಳಿದರೆ ಧ,
ಸೀಳಿ ಚುಕ್ಕಿ ಇಟ್ಟರೆ ಥ.
ಒಂದು ಚುಕ್ಕಿಗೆ ಎಷ್ಟು ಏಟು!
ಬರೆ, ಅಂದರು ಮಾಸ್ತರರು.
ಬರೆಯಲಿಲ್ಲ. ಅಂಗೈಮೇಲೆ ಬರೆ ಬಂತು.
ಎರಡಕ್ಕೂ ಒಂದೇ ಕಾಗುಣಿತ, ಅದೊಂದು ಪಕ್ಕಾ ಕಲಿತೆ.

ಅದೊಂದು, ಮತ್ತೆ ಊರ ಹೆಸರು.
ಗದಗ.
ಎಡದಿಂದ ಬಾ, ಬಲದಿಂದ ಬಾ, ಅದೇ ಗದಗ.
ಎತ್ತ ತಿರುಗಿದರೂ ಮನೆ ಮುಟ್ಟಿಸುವ ಒಂದು ಪದವಾದರೂ ಕೊಟ್ಟೆಯಲ್ಲ,
ಶರಣು ನಿನಗೆ.

ಈಗ ಹೆಸ್ಸಲ್ ರಸ್ತೆಯ ಆಚೆ ಮುದುಕರ ಆರೈಕೆಮನೆಯಲ್ಲಿ ರಾತ್ರಿಪಾಳಿ,
ಹಗಲು ನರ್ಸಿಂಗ್ ಓದು. ನಿದ್ದೆ ಎಲ್ಲಿ ಅಂತ ಕೇಳಬೇಡಿ.
ಮೂರರ ಸುಮಾರಿಗೆ, ಕರೆಗಂಟೆಗಳೆಲ್ಲ ಸುಮ್ಮನಾದ ಮೇಲೆ
ಫೋನಿಗೆ ಪ್ರಬಂಧ ಹೇಳುತ್ತೇನೆ, ಅದು ಬರೆದುಕೊಳ್ಳುತ್ತದೆ.
ನನ್ನ ಇಂಗ್ಲಿಷಿನ ಕಾಲಿಗಿನ್ನೂ ಎರೆಮಣ್ಣು ಮೆತ್ತಿದೆ:
ಪ್ರೆಶರ್ ಸೋರ್ ಅಂದರೆ
ಟ್ರೆಷರ್ ಶೋರ್ ಅಂತ ಬರೆಯುತ್ತದೆ.
ಒತ್ತಿ ಒತ್ತಿ ಬೆನ್ನಿಗಾಗುವ ಹುಣ್ಣು
ನಿಧಿ ಸಿಗುವ ದಡವಾಯಿತು.

ಏಳನೇ ಕೋಣೆಯ ಡೊರೀನ್‌ಗೂ ನಿದ್ದೆ ಇಲ್ಲ.
ನಲವತ್ತು ವರ್ಷ ಹಡಗುಕಟ್ಟೆಯಲ್ಲಿ ಮೀನು ಸೀಳಿದವಳು
ಈಗ ಚಮಚಕ್ಕೆ ಹೆಸರು ಹುಡುಕುತ್ತಾಳೆ:
ಅದು, ಅದೇ, ಬಾಯಿಗೆ ಹೋಗುವ ಬೆಳ್ಳಿ.
ನನಗೆ ಪದ ಗೊತ್ತು, ಅಕ್ಷರ ಕೈಗೆ ಸಿಗುವುದಿಲ್ಲ.
ಅವಳ ಪದಗಳೇ ಹಗ್ಗ ಬಿಚ್ಚಿಕೊಂಡು ಒಂದೊಂದಾಗಿ ನೀರಿಗಿಳಿಯುತ್ತಿವೆ.
ಪ್ರಬಂಧ ಓದಿದೆ. ನಿಧಿಯ ದಡ ಬಂದಾಗ
ಕೈಯೆತ್ತಿ ತಡೆದಳು. ಅವಳ ಮಾತು ನನಗೆ ನಮ್ಮ ಓಣಿಯ ಮಾತಾಗಿಯೇ ಕೇಳುತ್ತದೆ:
ಅಳಸಬ್ಯಾಡ ಅದನ್ನ.
ನಮ್ಮಪ್ಪನ ಟ್ರಾಲರು ಅಲ್ಲೇ ಮುಟ್ಟಿರಬೇಕು.

ಅಳಿಸಿದೆ. ಅಂಕ ಬೇಕಲ್ಲ.
ಚೀಟಿಯೊಂದರಲ್ಲಿ ಮಾತ್ರ ಆ ಎರಡು ಪದ ನಾನೇ ಬರೆದು
ಅವಳ ನೀರಿನ ಲೋಟದಡಿ ಇಟ್ಟೆ.
ಕಾಗುಣಿತ ಸರಿಯಿತ್ತೋ ಇಲ್ಲವೋ.

ಆರಕ್ಕೆ ಔಷಧಿಯ ಗಾಡಿ.
ಅವಳಿ ಮುಖದ ಎರಡು ಹೆಸರು,
ಒಂದು ಬಿಪಿ ಇಳಿಸುವುದು, ಇನ್ನೊಂದು ನಿದ್ದೆ ಬರಿಸುವುದು.
ಉಳಿದವರು ಒಮ್ಮೆ ಓದುತ್ತಾರೆ.
ನಾನು ಹಸಿರು ಹಾಳೆ ಹೊದಿಸಿ, ಬೆರಳಿಟ್ಟು, ತುಟಿಯಾಡಿಸುತ್ತ
ಮೂರು ಸಲ.
ಸಾಲಿಯಲ್ಲಿ ಷಟ್ಪದಿಯ ಮಾತ್ರೆ ಎಣಿಸಲು ಬಾರದೆ
ಬೆಂಚಿನ ಮೇಲೆ ನಿಂತವಳು,
ಇಲ್ಲಿ ಹನ್ನೊಂದು ವರ್ಷದಲ್ಲಿ
ಒಂದು ಮಾತ್ರೆ ತಪ್ಪಿಲ್ಲ.

ಇನ್ನೂ ಮುಗಿದಿಲ್ವಾ, ಅಂದಳು ಬೆಳಗಿನ ಪಾಳಿಯವಳು, ಕೋಟು ಬಿಚ್ಚುತ್ತ.
ಚೀಲದಲ್ಲಿದ್ದ ಕಾಗದ ತೋರಿಸಲಿಲ್ಲ.
ಪಟ್ಟಿಯ ಕೆಳಗೆ ಸಹಿ ಹಾಕಿದೆ, ಕನ್ನಡದಲ್ಲಿ, ಪೂರ್ತಿ ಹೆಸರು,
ಒತ್ತು ಎಲ್ಲಿ ಕೂತಿದೆ ಎಂದು
ಇನ್ನೊಮ್ಮೆ ನೋಡಿ.